ನಮ್ಮ ಗ್ವಾಡಿ ತಿನ್ನೋರು ಯಾರು?

ನಮ್ಮ ಮನ್ಯಾಗ ಯಾರೋ ಗ್ವಾಡಿ ತಿನ್ನಾಕತ್ತಿದ್ರು.

ಸುಳ್ಳಲ್ರಿ. ಅಡಗಿ ಮನ್ಯಾಗ ಒಲಿ ಬಾಜು ಮಣ್ಣಿನ ಗ್ವಾಡಿ ಅದ. ನಮ್ಮವ್ವ ಹೊಸದಾಗಿ ಮಣ್ಣು ಮೆತ್ತಿ ಸಾರಿಸಿದ್ಲು. ಸ್ವಲ್ಪ ದಿನ ಬಿಟ್ಟು ನೋಡಿದ್ರ ಎದಿಮಟ್ಟ ಒಂದು ತಗ್ಗು. ಮತ್ತ ಮೆತ್ತಿದ್ಲು. ಮತ್ತ ತಗ್ಗು.

"ಇಲಿ ಇರ್ಬೇಕು" ಅಂದ್ಲು ಅವ್ವ.

ಇಲಿ ಎದಿಮಟ್ಟ ನಿಂತು ಗ್ವಾಡಿ ಕೆರೀತದೇನು? ನನಗ ಅಲ್ಲೇ ಗುಮಾನಿ ಬಂತು. (ನನಗ ಗುಮಾನಿ ಜಲ್ದಿ ಬರ್ತದ. ವಾರ ವಾರ ನನ್ನ ಅಂಕಣ ಓದೋರಿಗೆ ಗೊತ್ತೇ ಅದ.) ಬಾಜು ಮನಿ ಶಾಂತಮ್ಮ ಬಂದು ನೋಡಿ, "ಇದು ಬಾನಾಮತಿ, ಯಾರೋ ಮಾಟ ಮಾಡಿಸ್ಯಾರ" ಅಂತ ಅವ್ವನ್ನ ಅಂಜಿಸಿ ಹೋದ್ಲು. ನನಗ ಶಾಂತಮ್ಮನ ಮ್ಯಾಲೂ ಗುಮಾನಿ ಬಂತು.

ಬೋನು ಇಟ್ಟೆ. ಒಳಗ ಭಜಿ ಸಿಗಿಸಿದೆ. ಮರುದಿನ ಭಜಿ ಹಂಗೇ ಇತ್ತು, ಗ್ವಾಡಿ ಹಂಗಿರಲಿಲ್ಲ. ಭಜಿ ಬಿಟ್ಟು ಮಣ್ಣು ತಿನ್ನೋ ಇಲಿ ಯಾವೂರದ್ರಿ?

ಮನ್ಯಾಗ ಇರೋರೇ ನಾಕು ಮಂದಿ. ನಾನು, ಅವ್ವ, ಹೆರಿಗಿಗಿ ತವರಿಗೆ ಬಂದ ನಮ್ಮಕ್ಕ ದೇವಮ್ಮ, ಆಕಿ ಸಣ್ಣ ಮಗಳು ಪಾರು. ಅಕ್ಕನ್ನ ರಾಮಸಮುದ್ರಕ್ಕ ಕೊಟ್ಟೀವಿ. ನಾವಿರೋದು ಸಗರ.

ಒಂದಿನ ಮಿಲ್ಲಿನಾಗ ಕರೆಂಟ್ ಹೋತು. (ನಾ ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತೀನಿ.) ಮಧ್ಯಾಹ್ನಕ್ಕೇ ಮನಿಗಿ ಬಂದೆ. ಅಕ್ಕ ಗ್ವಾಡಿಗಿ ಮುಖ ಮಾಡಿ ನಿಂತಾಳ. ಉಗುರಿಂದ ಕೆರೀತಾಳ, ಬಾಯಾಗ ಹಾಕ್ಕೋತಾಳ. ಕಣ್ಣು ಮುಚ್ಚಿ ಅಗೀತಾಳ, ಪೇಢೆ ತಿಂದಂಗ.

"ಏನ್ ಮಾಡಾಕತ್ತಿ ಅಕ್ಕಾ?"

ಬೆಚ್ಚಿ ಸೆರಗಿಂದ ಬಾಯಿ ಒರಸಿಕೊಂಡ್ಲು. "ಏನಿಲ್ಲೋ."

"ಹಲ್ಲಾಗ ಮಣ್ಣದ."

"ಮೊದಲ ಮಳಿ ವಾಸನಿ ಬರ್ತದೋ ತಮ್ಮಾ. ಒಲಿ ಹತ್ರ ಬಂದ್ರ ಕೈ ನಿಲ್ಲಂಗಿಲ್ಲ. ಅವ್ವಗ ಹೇಳಬ್ಯಾಡ."

ಅವ್ವಗ ಹೇಳಿದೆ. ಅವ್ವ ನಕ್ಲು! "ಬಯಕಿ ಬಿಡೋ. ನೀ ಹೊಟ್ಟ್ಯಾಗಿದ್ದಾಗ ನಾ ಅರ್ಧ ಗ್ವಾಡಿ ತಿಂದೀನಿ."

(ನನ್ನ ತಲಿ ಹಿಂಗ್ಯಾಕದ ಅಂತ ಅವತ್ತು ಗೊತ್ತಾತು.)

ನಾ ನಗಲಿಲ್ಲ. ಅಕ್ಕನ ಮುಖ ನೋಡಿದೆ. ಸುಣ್ಣ ಬಳಿದಂಗ ಬೆಳ್ಳಗ. ಒಂದು ಕೊಡ ನೀರು ತರಾಕ ಹೋದ್ರ ನಡುವ ಕುಂತು ದಮ್ಮು ತಗೋತಾಳ. ಆಟೋ ಮಾಡಿ ಅಕ್ಕ, ಅವ್ವ ಇಬ್ಬರ್ನೂ ಶಹಾಪುರಕ್ಕ ಕರ್ಕೊಂಡು ಹೋದೆ.

ದವಾಖಾನ್ಯಾಗ ಅಕ್ಕ ಗ್ವಾಡಿ ತಿನ್ನೋದು ಹೇಳಿದೆ. ನರ್ಸಮ್ಮ ಅಕ್ಕನ ಕಣ್ಣಿನ ರೆಪ್ಪಿ ಕೆಳಗ ಎಳೆದು ನೋಡಿದ್ಲು. ಬೆರಳು ಚುಚ್ಚಿ ರಕ್ತ ನೋಡಿದ್ಲು. ಮುಖ ಗಂಟು ಹಾಕಿದ್ಲು.

"ರಕ್ತ ಭಾಳ ಕಮ್ಮಿ ಅದ. ಹಿಂಗೇ ಹೆರಿಗಿ ಆಗಿ ಇನ್ನಷ್ಟು ರಕ್ತ ಹೋದ್ರ ಈಕಿ ಉಳಿಯೋದು ಕಷ್ಟ. ರಕ್ತ ಕಡಿಮಿ ಇದ್ದೋರಿಗೇ ಹಿಂಗ ಮಣ್ಣು ತಿನ್ನಬೇಕು ಅನಸ್ತದ, ಬರೇ ಬಯಕಿ ಅನಬ್ಯಾಡ್ರಿ. ಹೋದ ಸಲ ಕಬ್ಬಿಣದ ಗುಳಿಗಿ ಕೊಟ್ಟಿದ್ವಲ್ಲ, ತಿಂದಾಳೋ ಇಲ್ಲೋ?"

ಅಕ್ಕ ಅವ್ವನ್ನ ನೋಡಿದ್ಲು. ಅವ್ವ ಫ್ಯಾನ್ ನೋಡಿದ್ಲು.

ಹೊರಗ ಬಂದು ಅವ್ವನ್ನ ಹಿಡಿದೆ. "ಯವ್ವಾ, ಗುಳಿಗಿ ಎಲ್ಲಿ?"

"ಅವು ತಿಂದ್ರ ಕೂಸು ಕರ್ರಗ ಆಗ್ತದಂತ. ದಪ್ಪಾಗಿ ಹೆರಿಗಿ ತ್ರಾಸಾಗ್ತದಂತ. ಎಲ್ಲಾರೂ ಅಂತಾರಪ."

"ಗುಳಿಗಿ ಎಲ್ಲಿ ಅಂದೆ."

"ಚೆಲ್ಲಿಲ್ಲೋ. ಸುಮ್ನ ಚೆಲ್ಲಾಕ ಮನಸು ಬರಲಿಲ್ಲ. ಕುಟ್ಟಿ, ತೌಡಿನಾಗ ಕಲಸಿ ಎಮ್ಮಿಗಿ ಹಾಕೀನಿ."

"ಎಮ್ಮಿಗಿ?"

"ಎಮ್ಮಿ ಹೆಂಗೂ ಕರ್ರಗೇ ಅದಲ್ಲೋ!"

ನಗ್ತೀರಿ? ನಗ್ರಿ. ನನಗೂ ನಗು ಬಂತು. ಆಮ್ಯಾಲ ಬೆಂಚಿನ ಮ್ಯಾಲ ಕುಂತ ಅಕ್ಕನ್ನ ನೋಡಿ ನಗು ಅಲ್ಲೇ ನಿಂತು ಹೋತು.

ನಾ ಏಳನೇತ್ತ ಫೇಲು, ಬಣ್ಣ ಹಚ್ಚಿ ಹೇಳಾಕ ಬರಂಗಿಲ್ಲ. ಕೆನಾಲಿಗೆ ನೀರು ಬಂತು, ನಮ್ಮ ಹೊಲ್ದಾಗ ಜ್ವಾಳ ಹೋಗಿ ಭತ್ತ ಬಂತು. ರೊಟ್ಟಿ ಬಡಿಯೋ ಸಪ್ಪಳ ಹೋಗಿ ಕುಕ್ಕರ್ ಸೀಟಿ ಬಂತು. ಬಿಳೇ ಅನ್ನ ಉಂಡ್ರ ದೊಡ್ಡಸ್ತಿಕಿ. ಆ ಅಕ್ಕಿ ಬೆಳ್ಳಗ ಮಾಡೋ ಮಿಲ್ಲಿನಾಗ ನಾನೇ ಚೀಲ ಹೊರ್ತೀನಿ. ಮಷೀನು ಅಕ್ಕಿ ಮ್ಯಾಲಿನ ಪದರ ಕೆರೆದು ಕೆರೆದು ತೌಡು ಉದುರಸ್ತದ. ಕಸುವು ಇರೋದೇ ಅದರಾಗ.

ತೌಡು ಎಮ್ಮಿಗಿ. ಗುಳಿಗಿ ಎಮ್ಮಿಗಿ. ಎಮ್ಮಿ ಹಾಲು ಡೇರಿಗೆ. ಅಕ್ಕಗ? ಬಿಳೇ ಅನ್ನ, ತಿಳಿ ಸಾರು. ಅದೂ ಅರ್ಧ ತಾಟು, ಕೂಸು ಸಣ್ಣದಿದ್ರ ಹೆರಿಗಿ ಸಲೀಸು ಅಂತ. ಉಳಿದ ಹಸಿವಿಗೆ ಗ್ವಾಡಿ.

ನಮ್ಮ ಎಮ್ಮಿ ನೋಡಬೇಕ್ರಿ ನೀವು. ಮಿರಿಮಿರಿ ಮಿಂಚ್ತದ.

ಗುಳಿಗಿ ಮ್ಯಾಲ ಗುಮಾನಿ, ನರ್ಸಮ್ಮನ ಮ್ಯಾಲ ಗುಮಾನಿ, ಬಾಜು ಮನಿಯೋರ ಮ್ಯಾಲ ಗುಮಾನಿ. ಮುಂದಿರೋ ತಾಟಿನ ಮ್ಯಾಲ ಯಾರಿಗೂ ಯಾಕ ಗುಮಾನಿ ಬರಂಗಿಲ್ಲ?

ಈಗ ಅಕ್ಕಗ ರಕ್ತ ಏರೋ ಸಲೈನ್ ಹಚ್ಚಿಸ್ಕೊಂಡು ಬರಾಕತ್ತೀನಿ. ಅವ್ವ ಮತ್ತ ಜ್ವಾಳದ ರೊಟ್ಟಿ ಬಡಿಯಾಕತ್ತಾಳ. ಪುಂಡಿಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ತಾಟು ತುಂಬ ಹಾಕಂತ ಮುಂದ ಕುಂತು ಕಾಯ್ತೀನಿ. ಹಾಲು ಮೊದಲು ಅಕ್ಕಗ, ಉಳಿದ್ರ ಡೇರಿಗೆ. ರಕ್ತ ಜರಾ ಏರ್ಯದ, ಇನ್ನೂ ಸಾಲಂಗಿಲ್ಲ ಅಂತಾರ ಡಾಕ್ಟರು. ದಿನ ಹತ್ರ ಬಂದಾವ. ಅವ್ವ ಈಗ ಶಾಂತಮ್ಮನ ಮಾತು ಕೇಳಂಗಿಲ್ಲ. (ಕೇಳಂಗಿಲ್ಲ ಅಂತಾಳ. ನಾ ಪೂರಾ ನಂಬಿಲ್ಲ.)

ಗ್ವಾಡಿ ಮಾತ್ರ ದಿನಾ ನೋಡ್ತೀನಿ. ಎದಿಮಟ್ಟ ಮೆತ್ತಿದ ಮಣ್ಣು ಹಂಗೇ ಅದ. ಅಕ್ಕ ಬಿಟ್ಟಾಳ.

ನಿನ್ನಿ ಯಾಕೋ ಬಗ್ಗಿ ನೋಡಿದೆ. ಕೆಳಗ, ನನ್ನ ಮೊಣಕಾಲ ಮಟ್ಟ, ಹೊಸ ತಗ್ಗು. ಸಣ್ಣ ಸಣ್ಣ ಉಗುರಿನ ಗೀರು.

"ಈ ಸಲ ಖರೇನೇ ಇಲಿ" ಅಂದ್ಲು ಅವ್ವ.

ಬಾಗಿಲ ಹಿಂದ ನಿಂತು ಪಾರು ನನ್ನೇ ನೋಡಾಕತ್ತಿದ್ಲು. ಬಾಯಿ ಬಿಗಿ ಹಿಡಿದಿದ್ಲು.

"ಬಾಯಿ ತೆಗಿ ನೋಡೋಣ" ಅಂದೆ. ತೆಗೀಲಿಲ್ಲ.

ನಿಮ್ಮ ಮನ್ಯಾಗೂ ಇಲಿ ಅವ ಏನ್ರಿ?