ಹುಣಿಯ ಮೇಲಿನ ಮೂರು ಮೂಲೆಯ ಹುಲ್ಲು

ಮಂಗಳೂರಿನ ಜೆಪ್ಪುವಿನ ಅಕ್ಕು ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಅಂಗಡಿಯ ಉಪ್ಪನ್ನೂ ನಾಲಗೆಗೆ ಮುಟ್ಟಿಸಿ ನೋಡಿಯೇ ಸೆರಗಿಗೆ ಕಟ್ಟಿಕೊಳ್ಳುವವಳು. ಅದಕ್ಕೆ ಕಾರಣವೂ ಇತ್ತೆನ್ನಿ. ಅದು ಹೆಂಚಿನ ಕಾರ್ಖಾನೆಗಳ ಕಾಲ. ಪಕ್ಕದ ಗುರುವಪ್ಪನ ಗೇಣಿ ಗದ್ದೆಗೆ ಒಂದು ದಿನ ಯಾರೋ ಬಂದು, ಮಣ್ಣನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ ಹೋದ. ಬೇಸಿಗೆಯೊಳಗೆ ಧಣಿ ಅದನ್ನು ಕಾರ್ಖಾನೆಗೆ ಕೊಟ್ಟ; ಹೆಂಚಿಗೆ ಮಣ್ಣು ಅಗೆದು ಅಗೆದು ಗದ್ದೆ ಇದ್ದಲ್ಲಿ ಹೊಂಡವಾಯಿತು. ಅಕ್ಕುವಿನದೂ ಅದೇ ಧಣಿಯ ಗದ್ದೆ. ಗಂಡ ಸತ್ತ ಮೇಲೆ ಅವಳಿಗೆ ಅನ್ನ ಕೊಡುತ್ತಿದ್ದದ್ದು ಅದೊಂದೇ.

ಹಾಗಾಗಿ ಒಂದು ಮಳೆಗಾಲದ ಬೆಳಗ್ಗೆ ಕೋಟು ತೊಟ್ಟವನೊಬ್ಬ ಅಕ್ಕುವಿನ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ಕುಕ್ಕರಗಾಲಲ್ಲಿ ಕೂತು ಬೆರಳು ಉಜ್ಜುವುದನ್ನು ಕಂಡಾಗ ಅವಳು ಕೊಯ್ಯುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟಳು. ಕತ್ತಿ ಹಿಡಿದೇ ಓಡಿದಳು.

“ಎಂತ ನೋಡುದು ನೀವು ಇಲ್ಲಿ?”

ಅವನು ಕಾಲೇಜಿನಲ್ಲಿ ಸಸ್ಯಪಾಠ ಹೇಳುವ ಪಿಯುಸ್ ಮಾಸ್ಟರ್. ಕೈಯಲ್ಲಿ ಒಂದು ದಂಟು ಹಿಡಿದಿದ್ದ. “ಇದು ಹುಲ್ಲಲ್ಲ ಅಮ್ಮಾ, ಕೊನ್ನಾರಿ ಗೆಡ್ಡೆಯ ಜಾತಿ. ಹುಲ್ಲಿನ ದಂಟು ಉರುಟು, ಇದಕ್ಕೆ ಮೂರು ಮೂಲೆ ಉಂಟು. ಉಜ್ಜಿದರೆ ಬೆರಳಿಗೆ ಗೊತ್ತಾಗ್ತದೆ. ಅಪರೂಪದ್ದು ಅಂತ ಕಾಣ್ತದೆ. ಆದರೆ ಬೀಜ ಬಲಿಯದೆ ಯಾವುದೆಂದು ಹೇಳ್ಲಿಕ್ಕೆ ಆಗುದಿಲ್ಲ. ಅಲ್ಲಿವರೆಗೆ ಕೀಳಬೇಡಿ.”

ಕಳೆಗಾಗಿ ಕೋಟು ಕೆಸರು ಮಾಡಿಕೊಳ್ಳುವ ಗಂಡಸು! ಕಿವಿಗೆ ಹೂ ಇಡಲು ಬೇರೆ ಯಾರೂ ಸಿಗಲಿಲ್ಲವೇ ಇವನಿಗೆ? ಹುಲ್ಲಿನ ನೆಪದಲ್ಲಿ ಮತ್ತೆ ಬರುತ್ತಾನೆ, ಮಣ್ಣು ನೋಡುತ್ತಾನೆ. ನೆಪವೇ ಇಲ್ಲದಂತೆ ಮಾಡುತ್ತೇನೆ ಎಂದು ಅಕ್ಕು ಮಧ್ಯಾಹ್ನದೊಳಗೆ ಹುಣಿಯನ್ನೆಲ್ಲ ಬೋಳಿಸಿದಳು.

ದೀಪಾವಳಿ ಹತ್ತಿರ ಬಂದಾಗ ಅವನೂ ಬಂದ. ಬೋಳು ಹುಣಿಯ ಮುಂದೆ ನಿಂತ. ಬೈಯಲಿಲ್ಲ. ಗದ್ದೆಯ ಮಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. “ಬೇರೆ ಎಲ್ಲಿಯೂ ಸಿಕ್ಕಿರ್ಲಿಲ್ಲ ಅಮ್ಮಾ,” ಎಂದಷ್ಟೇ ಹೇಳಿ ಹೋದ. ಅಕ್ಕುವಿಗೆ ಅಂದು ಗಂಜಿ ಸೇರಲಿಲ್ಲ.

ಗೆಡ್ಡೆ ಮಣ್ಣೊಳಗೇ ಇತ್ತು. ಮರುವರ್ಷ ಮತ್ತೆ ಚಿಗುರಿತು. ಬೀಜ ಬಲಿಯುವವರೆಗೆ ಅವಳು ಆ ಬದಿಗೆ ಕತ್ತಿ ಒಯ್ಯಲಿಲ್ಲ. ಆಮೇಲೆ ಒಂದು ಬುಡವನ್ನು ಮಣ್ಣು ಸಮೇತ ಅಗೆದು, ಅಡಿಕೆ ಹಾಳೆಯಲ್ಲಿಟ್ಟುಕೊಂಡು ಕಾಲೇಜಿಗೆ ಹೊರಟಳು. ಹಂಪನಕಟ್ಟೆಯಲ್ಲಿ ದಣಿವಾರಿಸಲು ಹಾಳೆ ಇಳಿಸಿದಾಗ ಯಾರದೋ ಕೈ ಅಡ್ಡ ಬಂತು. ಗುರುವಪ್ಪನ ಗದ್ದೆಗೆ ಬಂದಿದ್ದವನೇ! ದಂಟನ್ನು ಅವನು ಮುಟ್ಟಲೂ ಇಲ್ಲ. ಬುಡದ ಮಣ್ಣು ಚಿವುಟಿ ಉಜ್ಜಿದ.

“ಒಳ್ಳೆ ಮಣ್ಣು ಮಾರಾಯ್ತಿ. ಎಲ್ಲಿಯದು?”

“ಬಿಕರ್ನಕಟ್ಟೆಯದು,” ಎಂದಳು ಅಕ್ಕು, ಬಾಯಿಗೆ ಬಂದ ಊರು. ಮೊದಲು ಸಿಕ್ಕಿದ ಬಾವಿಕಟ್ಟೆಯಲ್ಲಿ ಬೇರನ್ನು ಚೂರೂ ಮಣ್ಣುಳಿಯದಂತೆ ತೊಳೆದಳು.

ಕಾಲೇಜಿನಲ್ಲಿ ಮಾಸ್ಟರು ಬೀಜವನ್ನು ಭೂತಗನ್ನಡಿಯಲ್ಲಿ ನೋಡಿ, “ಅದೇ ಅಮ್ಮಾ, ಅದೇ!” ಎಂದರು, ಕುಣಿಯುವುದೊಂದು ಬಾಕಿ. ಕಾಗದ ಎಳೆದುಕೊಂಡರು. “ಎಲ್ಲಿ ಸಿಕ್ಕಿದ್ದು ಅಂತ ಬರೀಬೇಕು. ಜೆಪ್ಪು, ಅಕ್ಕುವಿನ ಗದ್ದೆ…”

ಅಕ್ಕು ದಂಟನ್ನು ಬಾಚಿಕೊಂಡಳು. “ಹಾಗೆ ಬರೆದರೆ ಇದು ನನ್ನೊಟ್ಟಿಗೇ ಬರ್ತದೆ.” ಹಂಪನಕಟ್ಟೆಯಲ್ಲಿ ನಡೆದದ್ದನ್ನೂ ಗುರುವಪ್ಪನ ಹೊಂಡದ ಕತೆಯನ್ನೂ ಒಂದೇ ಉಸಿರಿಗೆ ಹೇಳಿದಳು. ಮಾಸ್ಟರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಬರೆದು, ಓದಿ ಹೇಳಿದರು: “ಮಂಗಳೂರು. ಅಷ್ಟೇ.”

ಅವಳಿಗೆ ಓದು ಬಾರದು. ಅವರ ಮುಖವನ್ನೇ ಬಹಳ ಹೊತ್ತು ನೋಡಿದಳು. ಮತ್ತೆ ದಂಟನ್ನು ಮೇಜಿನ ಮೇಲಿಟ್ಟಳು.

ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು: “ಬರುವ ವರ್ಷವೂ ಬನ್ನಿ ಮಾಸ್ಟ್ರೇ. ಆದರೆ ಹುಣಿಯಲ್ಲಿ ಕೂತು ಬೆರಳು ಉಜ್ಜಬೇಡಿ. ಕಿತ್ತು ನನ್ನ ಮನೆಯೊಳಗೆ ತನ್ನಿ, ಅಲ್ಲಿ ಉಜ್ಜಿ. ದೂರದಿಂದ ನೋಡುವವರಿಗೆ ಹುಲ್ಲೋ ಮಣ್ಣೋ ಗೊತ್ತಾಗುದಿಲ್ಲ.”