ಕಂಪನಿ ಪೆಟ್ಟಿಗೆಯನ್ನು ನಂಬದ ಮಾದಪ್ಪ ಮಾವ

ಮಾದಪ್ಪ ಮಾವ ಗುಟ್ಟಿನ ಮಾತು ಆಡಬೇಕಾದರೆ ಮೊದಲು ಎದ್ದು ಹೋಗಿ ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ ಬರುತ್ತಿದ್ದ. ಹಸಿರು ದೀಪ ಮಿಣಮಿಣ ಎನ್ನುವ ಆ ಬಿಳಿ ಪೆಟ್ಟಿಗೆಯನ್ನು ಕಂಪನಿಯವರು ಹರವೆಯ ಅವನ ಮನೆ ಗೋಡೆಗೆ ಹೊಡೆದು ಹೋದ ದಿನದಿಂದಲೇ ಅದರ ಮೇಲೆ ಅವನಿಗೆ ಗುಮಾನಿ. ಗುಟ್ಟು ಅಂದರೆ ಎಂಥ ಗುಟ್ಟು? ಬೋರಿನಲ್ಲಿ ನೀರು ಹೇಗಿದೆ, ಹಸುವನ್ನು ಮಾರುವುದೋ ಬೇಡವೋ, ಅಷ್ಟೇ.

"ಬಿಸಿಯಾಗಿ ಸುಟ್ಟೋಗುತ್ತೆ, ಟವೆಲ್ ತೆಗಿ ಮಾವ" ಎಂದು ನಾನು ರೇಗಿದರೆ, "ಸುಟ್ರ ಸುಡ್ಲಿ ಬುಡಮ್ಮಿ. ಅವ್ರ್ ಪೆಟ್ಗ ನಮ್ ಮನೇಲಿ ಕುಂತದ. ಸುಮ್ ಸುಮ್ನ ಕುಂತದಾ ಅದು?" ಅನ್ನುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ನಾನು ಚಾಮರಾಜನಗರದಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಹಾಗಾಗಿ ವೈರು, ಬಟನ್ನು, ದೀಪ ಇರುವ ಯಾವ ವಸ್ತು ಕೆಟ್ಟರೂ ಮಾವನ ಫೋನು ನನಗೇ. ಅವನ ಅನುಮಾನಕ್ಕೆ ಸ್ವಂತದವರು, ಪರರು ಎಂಬ ಭೇದ ಇರಲಿಲ್ಲ. ಹೋಟೆಲಿನ ಕಾಫಿ ಲೋಟವನ್ನು ಮೂಸದೆ ಬಾಯಿಗಿಡುತ್ತಿರಲಿಲ್ಲ. ಗುಂಡ್ಲುಪೇಟೆಗೆ ಹೊರಟಿದ್ದರೆ, ಕೇಳಿದವರಿಗೆ "ಇಲ್ಲೇ, ಬೇಗೂರ್ಗ" ಎಂದು ಹೇಳುತ್ತಿದ್ದ. ಯಾಕೆ ಮಾವ ಹೀಗೆ ಅಂದರೆ, "ಅವ್ನ್ಗ ಯಾಕ ಬೇಕಿತ್ತು ನಾನೆಲ್ಲಿ ಓಯ್ತಿನಿ ಅಂತ?" ಎಂದು ನನ್ನನ್ನೇ ಕೇಳುತ್ತಿದ್ದ.

ಈ ಅನುಮಾನವೆಲ್ಲ ಒಟ್ಟುಗೂಡುತ್ತಿದ್ದ ಜಾಗ ಹುಳುಮನೆ. ರೇಷ್ಮೆ ಹುಳು ಸಾಕುವವರು ಹೊರಗಿನವರನ್ನು ಹುಳುಮನೆಯೊಳಕ್ಕೆ ಬಿಡುವುದಿಲ್ಲ. ಕಾಲಿಗಂಟಿ ರೋಗ ಬರುತ್ತದೆ ಎಂಬುದು ಇಲಾಖೆಯವರು ಕೊಡುವ ಕಾರಣ. ಕಣ್ಣು ಬೀಳುತ್ತದೆ ಎಂಬುದು ಮಾವನ ಕಾರಣ. ನನ್ನನ್ನೂ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿ, "ನೋಡ್ದಂಗ ನೋಡ್ಬುಟ್ಟು ಬಾ. ಚೆನ್ನಾಗವ ಅಂತ ಮಾತ್ರ ಬಾಯ್ಬುಡ್ಬ್ಯಾಡ ಕಣಮ್ಮಿ" ಎಂದು ಎಚ್ಚರಿಸಿಯೇ ಒಳಗೆ ಬಿಡುತ್ತಿದ್ದ. ಯಾರಾದರೂ ಹುಳು ಹೇಗಿವೆ ಎಂದರೆ "ಏನೋ ಅವ" ಎನ್ನುವುದೇ ಅವನ ಉತ್ತರ. ತಟ್ಟೆ ತುಂಬ ಬೆಳ್ಳಗೆ ಮಿರಮಿರ ಮಿಂಚುತ್ತಿದ್ದರೂ ಅಷ್ಟೇ.

ಆದರೆ ಹುಳುವಿನ ನಿಜವಾದ ಯಜಮಾನಿ ಗೌರತ್ತೆ, ಮಾವನ ಹೆಂಡತಿ. ಹುಳು ಹಣ್ಣಾಗಿದೆ, ಇನ್ನು ಸೊಪ್ಪು ಬೇಡ, ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಿ ಎಂದು ಹೇಳುವ ಅಧಿಕಾರ ಅವಳದು. ಈ ಅತ್ತೆಗೆ ಗರ್ಭಕೋಶದ ತೊಂದರೆ. ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಈ ಬೆಳೆ ಮುಗಿಯಲಿ, ಮುಂದಿನ ಬೆಳೆ ಮುಗಿಯಲಿ ಎಂದು ಆಪರೇಷನ್ ಮುಂದೂಡುತ್ತಲೇ ಬಂದಳು. ಕೊನೆಗೆ ಚಾಮರಾಜನಗರದ ಡಾಕ್ಟರಮ್ಮ, ಇನ್ನು ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಗದರಿದರು. ಅತ್ತೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಮಲಗಿದ್ ಕಡೇಲೇ ನಂಗ ಹುಳ ಕಾಣ್ಬೇಕು. ನಿಮ್ ಮಾವ್ನ ಕೈಗ ಬುಟ್ಟು ನಾನೆಂಗ ಮಲಗ್ಲಿ? ಹಣ್ಣಾಗಿರದ್ಯಾವ್ದು ಕಾಯ್ಯಾವ್ದು ಅವ್ರ್ಗ ಗೊತ್ತಾಗಲ್ಲ."

ಕ್ಯಾಮೆರಾ ಹಾಕುವ ಮಾತು ಬಂದದ್ದು ಹಾಗೆ. ಚಾಮರಾಜನಗರದಲ್ಲಿ ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಮಾವ ಗುಂಡ್ಲುಪೇಟೆಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿಕೊಂಡು ತಂದ. ಫೋನಿಗೆ ಕ್ಯಾಮೆರಾ ಕಂಪನಿಯ ಆಪ್ ಹಾಕಿದರೆ ಎರಡು ನಿಮಿಷದ ಕೆಲಸ. ಚಿತ್ರ ಮೊದಲು ಆ ಕಂಪನಿಯ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಅತ್ತೆಯ ಫೋನಿಗೆ ಬರುತ್ತದೆ ಎಂದು ನಾನು ಬಾಯಿ ತಪ್ಪಿ ವಿವರಿಸಿದೆ. ಮಾವ ಧಡಕ್ಕನೆ ಎದ್ದು ನಿಂತ.

"ಅಂದ್ರ ಯಾವ್ ಊರೋನೋ ಮೊದ್ಲು ನಮ್ ಹುಳ ನೋಡ್ಬುಟ್ಟು, ಆಮೇಲ ನಿಮ್ಮತ್ತಗ ತೋರಿಸ್ತಾನಾ? ಬ್ಯಾಡವೇ ಬ್ಯಾಡ. ನಮ್ ಮನೆಯಿಂದ ನೆಟ್ಟಗ ಅವ್ಳ್ ಕೈಗ ಬರ್ಬೇಕು."

ನೆಟ್ಟಗೆ ಬರುವ ದಾರಿಯೂ ಇದೆ. ಹೊರಗಿನಿಂದ ಬಂದವರನ್ನೆಲ್ಲ ಆ ಗೋಡೆ ಪೆಟ್ಟಿಗೆ ಬಾಗಿಲಲ್ಲೇ ತಡೆಯುತ್ತದೆ. ಇಂಥ ನಂಬರಿನ ಬಾಗಿಲು ತಟ್ಟಿದವರನ್ನು ಮಾತ್ರ ಕ್ಯಾಮೆರಾದ ಹತ್ತಿರ ಬಿಡು ಎಂದು ಅದಕ್ಕೆ ಹೇಳಿಡಬೇಕು. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಇಷ್ಟೇ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಬೋರ್ಡಿನ ಮೇಲೆ ಎಲ್ಲವೂ ಸಲೀಸು!

ಪೆಟ್ಟಿಗೆಯ ಬೆನ್ನಿಗಂಟಿಸಿದ್ದ ಪಾಸ್‌ವರ್ಡ್ ಹಾಕಿದರೆ ವೈಫೈ ಹೆಸರು ಬದಲಾಯಿಸಬಹುದಿತ್ತು, ಮತ್ತೇನಿಲ್ಲ. ಪರದೆಯಲ್ಲಿ ನನಗೆ ಬೇಕಾದ ಸಾಲು ಬೂದಿ ಬಣ್ಣದಲ್ಲಿ ಮಂಕಾಗಿ ಕೂತಿತ್ತು, ಒತ್ತಿದರೂ ಮಿಸುಕಲಿಲ್ಲ. ಇಂಟರ್ನೆಟ್ ಕಂಪನಿಗೆ ಫೋನು ಮಾಡಿದರೆ "ಒಮ್ಮೆ ಆಫ್ ಮಾಡಿ ಆನ್ ಮಾಡಿ ಮೇಡಂ" ಎಂಬ ಮಂತ್ರ. ಕಾಡಿ ಬೇಡಿದ ಮೇಲೆ ಅವರ ಲೈನ್‌ಮನ್ ಬಂದ. ಪರದೆಗೆ ಕೈ ಅಡ್ಡ ಹಿಡಿದು ತನ್ನದೇ ಪಾಸ್‌ವರ್ಡ್ ಒತ್ತಿ ಆ ಸಾಲು ತೆರೆದುಕೊಟ್ಟ.

ಅವನ ಬೈಕು ಮರೆಯಾಗುವ ತನಕ ಮಾವ ಬಾಗಿಲಲ್ಲೇ ನಿಂತಿದ್ದ. "ನಮ್ ಮನೆ ಬೀಗ ನಮ್ಗೇ ಗೊತ್ತಿಲ್ಲ, ಅವ್ನ್ಗ ಗೊತ್ತು. ಇದ್ ಯಾವ್ ಸೀಮೆ ನ್ಯಾಯ ಅಮ್ಮಿ?" ಎಂದ. ನನಗೆ ನಗು ಬಂತು.

ಪೆಟ್ಟಿಗೆಯಲ್ಲಿ ಆ ಬಾಗಿಲಿನ ನಿಯಮ ಬರೆದು, ಅಲ್ಲೇ ಜಗಲಿಯ ಮೇಲೆ ಕೂತು ಫೋನು ತೆರೆದೆ. ಹುಳುಗಳು ಕಂಡವು. ಜಂಬದಿಂದಲೇ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆ; ಆಪರೇಷನ್ನಿಗೆ ಮೊದಲು ಕೆಲವು ದಿನ ರಕ್ತ ಏರಿಸಬೇಕಿತ್ತು. ಅಲ್ಲಿ ಮಂಚದ ಮೇಲೆ ಕೂತು ಫೋನು ತೆರೆದರೆ ಏನೂ ಇಲ್ಲ! ಜಗಲಿಯಲ್ಲಿ ನನ್ನ ಫೋನು ಮನೆಯ ವೈಫೈಯಲ್ಲೇ ಇತ್ತು. ಮನೆಯೊಳಗೇ ಕೂತು, ಹೊರಬಾಗಿಲು ತೆರೆದಿದೆ ಎಂದು ನಂಬಿದ್ದೆ. ಮತ್ತೆ ಕಂಪನಿಗೆ ಫೋನು. ನಿಮ್ಮ ಕಡೆಯ ಮನೆಗಳಿಗೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದೇ ವಿಳಾಸ ಕೊಟ್ಟಿದ್ದೇವೆ, ಸ್ವಂತ ವಿಳಾಸ ಬೇಕಾದರೆ ಬೇರೆ ಅರ್ಜಿ ಹಾಕಬೇಕು ಎಂದರು. ಹಾಕಿದೆ. ಬಂತು. ಚಿತ್ರವೂ ಬಂತು. ಮಾರನೆಯ ಬೆಳಿಗ್ಗೆ ನೋಡಿದರೆ ಚಿತ್ರವಿಲ್ಲ, ನಾನು ಬರೆದ ನಿಯಮವೇ ಮಂಗಮಾಯ. ಪೆಟ್ಟಿಗೆ ಬುದ್ಧಿವಂತಿಕೆಯಿಂದ ತನ್ನ ಹಳೆಯ ಸ್ಥಿತಿಗೆ ಮರಳಿತ್ತು.

"ಯಾರೋ ಒಳಕ ಬಂದು ತಗ್ದಾವ್ರ" ಎಂದ ಮಾವ ಫೋನಿನಲ್ಲಿ. ಹುಚ್ಚು ಮಾತು ಅಂದೆ. ವಿಚಾರಿಸಿದರೆ, ಕಂಪನಿಯವರೇ ದೂರದಿಂದ ತಮ್ಮ ಪೆಟ್ಟಿಗೆಗಳನ್ನೆಲ್ಲ ಆಗಾಗ ಸರಿಪಡಿಸುತ್ತಾರಂತೆ. ಇದನ್ನು ಮಾವನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಅಷ್ಟರಲ್ಲಿ ಅತ್ತೆ ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದಳು. "ಸೀರೆ ಕೊಡಮ್ಮಿ, ನಾ ಓಯ್ತಿನಿ. ಕೊನೆ ಜ್ವರ ಎದ್ದು ದಿನ ಆಯ್ತು. ಇನ್ನೇನ್ ಹಣ್ಣಾಯ್ತವ." ಮಾರನೆಯ ದಿನವೇ ಆಪರೇಷನ್. ಜ್ವರ ಅಂದರೆ ಹುಳು ಪೊರೆ ಬಿಡುವುದು; ಕೊನೆಯ ಪೊರೆ ಕಳಚಿ ಸೊಪ್ಪನ್ನು ರಾಶಿರಾಶಿ ತಿನ್ನುವ ಕಾಲ ಅದು. ಅವಳನ್ನು ಹಿಡಿದು ಕೂರಿಸಿ, ಲೈನ್‌ಮನ್‌ಗೂ ಬರಹೇಳಿ, ನಿಯಮವನ್ನು ಮತ್ತೆ ಬರೆಯಲು ನಾನೇ ಹರವೆಗೆ ಓಡಿದೆ. ಬರೆದ ಮೇಲೆ ಕ್ಯಾಮೆರಾದ ದಾಖಲೆಯನ್ನು ಸುಮ್ಮನೆ ಇಣುಕಿದೆ. ನಾವು ಬಾಗಿಲು ತೆರೆದಿದ್ದ ಆ ಒಂದು ದಿನದಲ್ಲಿ ಎಲ್ಲೆಲ್ಲಿಂದಲೋ ಯಾರುಯಾರೋ ಬಂದು ಪಾಸ್‌ವರ್ಡ್ ಊಹಿಸಿ ಊಹಿಸಿ ತಟ್ಟಿ ಹೋಗಿದ್ದರು. ಯಾರಿಗೂ ತೆರೆದಿರಲಿಲ್ಲ, ಅದೇ ಪುಣ್ಯ.

ಮಾವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ನೆಟ್ಟಗಿನ ದಾರಿ ಬೇಕೆಂದರೆ ಕಂಡ ಕಂಡವರೆಲ್ಲ ತಟ್ಟುವ ಬಾಗಿಲು. ಅದು ಬೇಡವೆಂದರೆ ಕ್ಯಾಮೆರಾ ಕಂಪನಿಯ ಆಪ್. ಅದೂ ಬೇಡವೆಂದರೆ ಅತ್ತೆ ಎದ್ದು ಬರುತ್ತಾಳೆ. ಕಿರುಚುತ್ತಾನೆ ಎಂದುಕೊಂಡಿದ್ದೆ. ಮಾವ ಹುಳುಮನೆಯ ಬಾಗಿಲ ತನಕ ಹೋಗಿ ತಿರುಗಿ ಬಂದ.

"ಆಪ್ನೇ ಆಕ್ಬುಡು. ಕಣ್ ಬಿದ್ರ ಬೀಳ್ಲಿ. ಹುಳ ಇನ್ನೊಂದ್ ಸಲ ತರ್ಬೋದು."

ಹಾಕಿಕೊಟ್ಟೆ. ಅತ್ತೆಯ ಫೋನಿನಲ್ಲಿ ಹುಳು ಕಂಡವು. ಅವಳು ಮಲಗಿದಳು. ಆಪರೇಷನ್ ಚೆನ್ನಾಗಿ ಆಯಿತು.

ಅವಳಿಗೆ ಎಚ್ಚರವಾದ ದಿನ ಮಾವ ನನಗೆ ಫೋನು ಮಾಡಿ, ವರಾಂಡಕ್ಕೆ ಹೋಗಿ ಮಾತಾಡು ಎಂದ. ಹುಳುತಟ್ಟೆಗಳ ಹಿಂದಿನ ಸಾಲುಗಳಿಗೆ ಹಾಲುತೊಂಡೆ ರೋಗ ತಗುಲಿತ್ತು. ಹುಳುಗಳು ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸುತ್ತಿದ್ದವು. ಆ ವಾರವೆಲ್ಲ ಮೋಡ, ತೇವ. ಅದರಿಂದಲೇ ಬಂದದ್ದು ಎಂದು ನಾನು ಹೇಳಿದೆ. ಅವನು ವಾದಿಸಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ನಿಮ್ಮತ್ತಗ ಗೊತ್ತಾಗ್ಬಾರ್ದು. ಕ್ಯಾಮ್ರನ ಮುಂದಿನ್ ಸಾಲ್ಗ ತಿರುಗಿಸಿವ್ನಿ. ಅಲ್ಲಿವು ಇನ್ನೂ ಚೆನ್ನಾಗವ" ಎಂದ. ತನ್ನ ಹುಳು ಚೆನ್ನಾಗಿವೆ ಎಂದು ಅವನು ಹೇಳಿದ್ದು ಕೇಳಿದ್ದು ಅದೇ ಮೊದಲು.

ಒಳಗೆ ಅತ್ತೆ ಫೋನನ್ನು ಎದೆಯ ಮೇಲಿಟ್ಟುಕೊಂಡು, "ಆ ಮೂಲೆದು ಹಣ್ಣಾಗದ, ಆರಿಸಕ್ಕ ಯೋಳು" ಎನ್ನುತ್ತಿದ್ದಳು. ನಾನು ಹೇಳಿದೆ. ಮಾವ ಆರಿಸಿದ. ಹಿಂದಿನ ಸಾಲುಗಳ ಹುಳುಗಳನ್ನು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ. ಅವಳು ಮನೆಗೆ ಬರುವಷ್ಟರಲ್ಲಿ ಹುಳುಮನೆ ತೊಳೆದು ಒಣಗಿತ್ತು. ದುಡ್ಡು ಯಾಕಿಷ್ಟೇ ಎಂದ ಅವಳಿಗೆ ಮಾವ, ಗೂಡನ್ನು ಮಾರ್ಕೆಟ್ಟಿಗೆ ಹಾಕಿದೆ, ರೇಟು ಬಿದ್ದುಹೋಗಿತ್ತು ಎಂದು ಹೇಳಿದ. ನನ್ನನ್ನು ಹಿತ್ತಿಲಿಗೆ ಕರೆದು, "ನೀನೇನಾರ ಬಾಯ್ಬುಟ್ಟಿಯೋ!" ಎಂದು ಅನುಮಾನದಿಂದ ನೋಡಿದ. ಅತ್ತೆಗೆ ಹೇಳುವುದಿಲ್ಲ ಎಂದು ಎಷ್ಟು ಆಣೆ ಮಾಡಿದರೂ ನಂಬಲಿಲ್ಲ.

ಹೋದ ವರ್ಷ ಮಾವ ಕುಳಿತಲ್ಲೇ ಎದೆನೋವು ಬಂದು ತೀರಿಕೊಂಡ. ತಿಂಗಳಾದ ಮೇಲೆ ಹರವೆಗೆ ಹೋಗಿದ್ದೆ. ಮಾತಾಡಿಸಲು ಬಂದ ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಅತ್ತೆಯ ಮೈ ತುಂಬಿಕೊಂಡಿತ್ತು, ಮುಖದಲ್ಲಿ ರಕ್ತ ಆಡುತ್ತಿತ್ತು.

"ಯಾರ್ನೂ ನಂಬ್ತಿರ್ಲಿಲ್ಲ ಕಣವ್ವ ಅವ್ರು. ಸುಮ್ಸುಮ್ನ ಅನುಮಾನ. ಆದ್ರ ನಂಗ ಮಾತ್ರ ಒಂದಿನಾನೂ ಒಂದ್ ಸುಳ್ ಯೋಳ್ಲಿಲ್ಲ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಲ್ವೇನಮ್ಮಿ?" ಎಂದು ನನ್ನ ಕಡೆ ತಿರುಗಿದಳು.

"ಹೂಂ ಅತ್ತೆ" ಎಂದೆ.