ಗಾಳಿ ಬೇಡದ ಪೇಟಿ

ಗಾಳಿ ಬೇಡದ ವಾದ್ಯಕ್ಕೂ ಮಾಸ್ತರರ ಎಡಗೈ ಗಾಳಿ ಹಾಕುತ್ತಿತ್ತು. ಬಲಗೈ ಬೆರಳುಗಳು ಬಿಳಿ ಕಪ್ಪು ಮನೆಗಳ ಮೇಲೆ ಓಡಾಡುತ್ತಿದ್ದರೆ, ಎಡಗೈ ಇಲ್ಲದ ತಿದಿಯನ್ನು ಹುಡುಕಿಕೊಂಡು ಪೆಟ್ಟಿಗೆಯ ಹಿಂದೆ ಬರಿಗಾಳಿಯಲ್ಲಿ ಹೋಗಿಬಂದು ಮಾಡುತ್ತಿತ್ತು. ಅದು ಕರೆಂಟಿನ ಕೀಬೋರ್ಡು. ಕಪ್ಪು ಪ್ಲಾಸ್ಟಿಕ್ಕಿನದು, ಮಕ್ಕಳ ಮಡಿಲಲ್ಲಿ ಹಿಡಿಸುವಷ್ಟು ಚಿಕ್ಕದು. ಬಿಲ್ಡಿಂಗಿನ ಹುಡುಗರು ನಗುತ್ತಿದ್ದರು.

"ಮಾಸ್ತರ್, ಹವಾ ಕಾಯ್ಕೂ ಭರ್ತೇ?"

"ಪೇಟಿ ಬದಲಾಗಿದೆ ಅಂತ ಈ ಕೈಗೆ ಯಾರೂ ಹೇಳಿಲ್ಲ ಕಣ್ರೋ" ಎನ್ನುತ್ತಿದ್ದರು ಅವರು, ತಾವೂ ನಗುತ್ತ.

ಅವರು ಶಾಲೆಯ ಮಾಸ್ತರಲ್ಲ. ಮೈಸೂರಿನ ಕಡೆಯವರು, ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಮುಷ್ಕರದಲ್ಲಿ ಗಿರಣಿ ಮುಚ್ಚಿದ ಮೇಲೆ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಹಾರ್ಮೋನಿಯಂ ಪೇಟಿಯ ಮೇಲೆ ಭಜನೆ ಹೇಳಿಕೊಡುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ಗಲ್ಫ್‌ನಲ್ಲಿದ್ದಳು. ನಾನು ಗದಗಿನ ಕಡೆಯವನು, ಮೆಟ್ರಿಕ್ ಓದಿ ಬಂದು ಔಷಧದ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದ್ದೆ. ಅವರದೂ ನಮ್ಮದೂ ಒಂದೇ ಗೋಡೆ. ಸಂಜೆ ಪುರಸೊತ್ತಾದಾಗ ನನಗೂ ಪೇಟಿ ಕಲಿಸುತ್ತಿದ್ದರು. ನಾನು ಅವಸರ ಮಾಡಿದರೆ, "ಹಾಡು ಲೋಕಲ್ ರೈಲಲ್ಲ ಕಣಯ್ಯ, ತಪ್ಪಿಹೋಗಲ್ಲ. ನಿಧಾನಕ್ಕೆ ಹತ್ತು" ಎನ್ನುತ್ತಿದ್ದರು.

ಎರಡು ಮನೆಗಳ ನಡುವೆ ಪಾತ್ರೆಗಳು ಓಡಾಡುತ್ತಿದ್ದವು. ನನ್ನ ಹೆಂಡತಿ ಸಾರು, ಪಲ್ಯ, ಝುಣಕ ಕಳಿಸುತ್ತಿದ್ದಳು. ಪಾತ್ರೆ ಹಿಂದಿರುಗುವಾಗ ಅದರ ತಳದಲ್ಲಿ ತಪ್ಪದೆ ಒಂದಿಷ್ಟು ಕಲ್ಲುಸಕ್ಕರೆ ಇರುತ್ತಿತ್ತು. "ಬ್ಯಾಡ್ರಿ ಮಾಸ್ತರ, ದಿನಾ ಏನದು" ಎಂದರೆ, "ಪಾತ್ರೆ ಖಾಲಿ ಕಳಿಸೋಕೆ ಆಗುತ್ತೇನಮ್ಮ" ಎನ್ನುವರು. ಅದೆಲ್ಲ ನನ್ನ ಮಗಳ ಬಾಯಿಗೆ.

ಆ ಕೀಬೋರ್ಡನ್ನು ತಂದದ್ದು ಅವರ ಮಗಳು, ಒಂದು ರಜೆಯಲ್ಲಿ ಬಂದಾಗ. ಅದರಲ್ಲಿ ವಾದ್ಯಗಳ ಸ್ವರಕ್ಕೆ ಬೇರೆ ಬೇರೆ ಗುಂಡಿಗಳು, ಮೂಲೆಯಲ್ಲಿ ಸಣ್ಣ ಮೈಕು. ಅದಕ್ಕೆ ಏನಾದರೂ ಹೇಳಿದರೆ ಪೆಟ್ಟಿಗೆ ನೆನಪಿಟ್ಟುಕೊಂಡು, ಯಾವ ಮನೆ ಒತ್ತಿದರೆ ಆ ಸ್ವರದಲ್ಲಿ ಅದನ್ನೇ ಹೇಳುತ್ತಿತ್ತು. ಆ ರಜೆಯೆಲ್ಲ ಮನೆ ತುಂಬ ಅದೇ ಆಟ. ಅಳಿಯನ ಸೀನು, ಕುಕ್ಕರಿನ ಸೀಟಿ, ಕಾಗೆಯ ಕೂಗು. ಒಂದು ಹೊಸದು ಹೇಳಿದರೆ ಹಳೆಯದು ಹೋಗುತ್ತಿತ್ತು. ಹೊರಡುವ ದಿನ ಮೊಮ್ಮಗಳು ಮೈಕಿಗೆ ಮೂತಿ ತಾಗಿಸಿ "ತಾತಾ" ಎಂದಳು. ಅದೇ ಕೊನೆಯದಾಗಿ ಉಳಿಯಿತು.

ಮುಂದಿನ ಮಳೆಗಾಲದಲ್ಲಿ ಮಗು ಅಲ್ಲೇ ಜ್ವರದಲ್ಲಿ ಹೋಯಿತು. ಮಾಸ್ತರಿಗೆ ಮುಖ ನೋಡುವುದಕ್ಕೂ ಆಗಲಿಲ್ಲ.

ಆಮೇಲೆ ಪ್ರತಿದಿನ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆಯಿಂದ ಒಂದು ಸಲ ಕೇಳುತ್ತಿತ್ತು: "ತಾತಾ". ಮೊದಮೊದಲು ನನ್ನ ಹೆಂಡತಿ ಬೆಚ್ಚುತ್ತಿದ್ದಳು. ಬರುಬರುತ್ತ ಆ ದನಿ ಬಂದ ಮೇಲೆಯೇ ನಮ್ಮ ದೀಪವನ್ನೂ ಹಚ್ಚತೊಡಗಿದಳು. ಪೆಟ್ಟಿಗೆಯಲ್ಲಿ ಒಂದು ಉಸಿರಿನಷ್ಟೇ ಜಾಗ. "ತಾತಾ" ಎಂದ ಮೇಲೆ ಮಗು ನಗುವುದಕ್ಕೆ ಉಸಿರೆಳೆದುಕೊಳ್ಳುತ್ತಿತ್ತು, ಅಷ್ಟಕ್ಕೇ ಕತ್ತರಿಸಿ ಹೋಗುತ್ತಿತ್ತು. "ನಗು ಇದೆ ಕಣಯ್ಯ, ಇದರೊಳಗೆ ಹಿಡಿಸಲಿಲ್ಲ ಅಷ್ಟೆ" ಎಂದಿದ್ದರು ಒಮ್ಮೆ.

ಅವರು ಒತ್ತುತ್ತಿದ್ದುದು ನಡುವಿನ ಒಂದೇ ಮನೆ. ಅಲ್ಲಿ ಮಾತ್ರ ದನಿ ಇದ್ದ ಹಾಗೆ ಇತ್ತು. ಮೇಲಿನ ಮನೆಗಳಲ್ಲಿ ಹಕ್ಕಿಯಂತೆ ತೆಳ್ಳಗಾಗುತ್ತಿತ್ತು, ಕೆಳಗೆ ಹೋದಂತೆ ದಪ್ಪಗೆ, ನಿಧಾನ. ಒಂದು ಸಂಜೆ ಅವರ ಬೆರಳು ಪಕ್ಕದ ಕೆಳಮನೆಯ ಮೇಲಿತ್ತು. ತಪ್ಪಿದೆ ಅಂದುಕೊಂಡು ನಾನು ಹೇಳಿದೆ.

"ತಪ್ಪಿಲ್ಲ. ಇವತ್ತು ಅವಳ ಹುಟ್ಟಿದ ದಿನ" ಎಂದರು. "ಒಂದು ವರ್ಷ ದೊಡ್ಡೋಳಾದಳು. ದನಿ ಸ್ವಲ್ಪ ಇಳಿದಿರುತ್ತೆ ಅಲ್ವೇ?"

ಆಮೇಲಿಂದ ಹುಟ್ಟುಹಬ್ಬಕ್ಕೊಂದು ಮನೆ ಕೆಳಗಿಳಿಯುತ್ತ ಬಂದರು. ಗೋಡೆಯ ಆಚೆ ಸತ್ತ ಮಗು ಬೆಳೆಯುತ್ತಿತ್ತು.

ಸೆಲ್ ಬದಲಿಸುವುದು ಅವರಿಗೆ ಒಂದು ಪೂಜೆಯಷ್ಟು ನೇಮ. ಮೊದಲು ಎಲಿಮಿನೇಟರ್ ಸಿಕ್ಕಿಸಿ ಗೋಡೆಯ ಕರೆಂಟು ಕೊಡುವರು, ಆಮೇಲೆ ಹಳೆಯ ಪೆನ್ಸಿಲ್ ಸೆಲ್‌ಗಳನ್ನು ತೆಗೆಯುವರು, ಹೊಸದನ್ನು ಹಾಕಿ ಮುಚ್ಚಿದ ಮೇಲಷ್ಟೆ ಎಲಿಮಿನೇಟರ್ ಕೀಳುವರು. ನಾನು ನಕ್ಕಿದ್ದೆ. ನನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಸೆಲ್ ತೆಗೆದಿಟ್ಟರೂ ಕ್ಯಾಸೆಟ್ಟಿನ ಹಾಡು ಎಲ್ಲಿಗೂ ಹೋಗುತ್ತಿರಲಿಲ್ಲ.

"ಟೇಪಿನ ಮಾತು ಬೇರೆ" ಎಂದರು. "ಅಲ್ಲಿ ದನಿ ಪಟ್ಟಿಗೆ ಅಂಟಿಕೊಂಡಿರುತ್ತೆ. ಇದರೊಳಗೆ ಪಟ್ಟಿನೇ ಇಲ್ಲ, ಬರೀ ಅಂಕಿ. ದನೀನ ಅಂಕಿ ಮಾಡಿ ಒಂದು ಚಿಪ್ಪು ಬಾಯಿಪಾಠ ಮಾಡ್ಕೊಂಡಿರುತ್ತಂತೆ, ಅಳಿಯ ಹೇಳಿದ. ಸ್ವಿಚ್ ಆರಿಸಿದ್ರೂ ಸೆಲ್ಲಿನ ಬಲದಲ್ಲಿ ಒಳಗೊಳಗೇ ಹೇಳ್ಕೊಳ್ತಾನೇ ಇರುತ್ತೆ. ಸೆಲ್ ತೆಗೆದ್ರೆ ಮರೀತು."

ನಾನು ತಲೆಯಾಡಿಸಿದೆ, ನಂಬಲಿಲ್ಲ. ಮಗು ಕಳೆದುಕೊಂಡ ಮುದುಕರ ಮಡಿ ಎಂದುಕೊಂಡೆ.

ಆ ವರ್ಷ ಬಿಲ್ಡಿಂಗಿನ ಗಣಪತಿಯ ಮುಂದೆ ಮಕ್ಕಳ ಹಾಡಿತ್ತು. ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದಿತ್ತು. ಮಾಸ್ತರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಹಸಿರು ಬಟ್ಟೆ ಕಟ್ಟಿಕೊಂಡಿದ್ದರು. ತಾವಾಗಿಯೇ ಕೀಬೋರ್ಡನ್ನು ನನ್ನ ಕೈಗೆ ಕೊಟ್ಟರು. "ನೀನೇ ನುಡಿಸು. ಮೈಕಿನ ಗುಂಡಿ ಮುಟ್ಟಬೇಡ. ಸೆಲ್ ತಂಟೆಗೆ ಹೋಗಬೇಡ, ಈಚೆಗಷ್ಟೇ ಹಾಕಿದ್ದೀನಿ."

ಮಕ್ಕಳು ಚೆನ್ನಾಗಿ ಹಾಡಿದರು. ಮರುದಿನ ಹಿಂದಿರುಗಿಸಲು ಹೊರಟಾಗ ಹೆಂಡತಿ ತಡೆದಳು.

"ಬರೇ ಹಂಗ ಕೊಡತೀರೇನ್ರೀ? ಅವ್ರು ಒಂದ ದಿನಾ ನಮ್ಮ ಪಾತ್ರಿ ಖಾಲಿ ಕಳಿಸ್ಯಾರ?"

"ಇದರಾಗ ಸಕ್ರಿ ಹಾಕಾಕ ಬರತೈತೇನ?"

"ಸಕ್ರಿ ಬರೂದಿಲ್ಲಂದ್ರ ಹೊಸಾ ಸೆಲ್ಲರ ಹಾಕಿ ಕೊಡ್ರಿ."

ಸರಿಯೆನಿಸಿತು. ಅವರ ಮಾತು ನೆನಪಿತ್ತು, ಆದರೂ ಸರಿಯೆನಿಸಿತು. ಹೆಂಡತಿ ಮಾರ್ಕೆಟ್ಟಿಗೆ ಹೋದಳು. ನಾನು ಕೆಳಗಿನ ಅಂಗಡಿಯಿಂದ ಒಳ್ಳೆಯ ಸೆಲ್ ತಂದು, ಹಳೆಯದನ್ನೆಲ್ಲ ಕಿತ್ತು, ಹೊಸದನ್ನು ಹಾಕಿದೆ. ಸರಿಯಾಗಿ ಕೂತಿದೆಯೇ ನೋಡೋಣವೆಂದು ಮಗುವಿನ ದನಿಗೆ ತಿರುಗಿಸಿ ಮನೆ ಒತ್ತಿದೆ.

ಏನೂ ಬರಲಿಲ್ಲ. ಎಲ್ಲ ಮನೆಗಳನ್ನೂ ಒತ್ತಿದೆ. ಹಳೆಯ ಸೆಲ್‌ಗಳನ್ನೇ ಮತ್ತೆ ಹಾಕಿದೆ, ಅವುಗಳಲ್ಲಿ ಆ ಮಗು ಇನ್ನೂ ಇದ್ದೀತು ಎಂಬಂತೆ.

ಆಗಲೇ ಹೋಗಿ ಕಾಲು ಹಿಡಿಯಬೇಕಿತ್ತು. ನಾನು ಮಾಡಿದ್ದು ಬೇರೆ. ಆಡುತ್ತಿದ್ದ ಮಗಳನ್ನು ಒಳಗೆ ಕರೆದೆ. ಅವಳಿಗೂ ಆಗ ಹೆಚ್ಚುಕಡಿಮೆ ಆ ಮಗು ಮೈಕಿಗೆ ಹೇಳಿದಾಗಿನ ವಯಸ್ಸು. ಹೊಸ ಸೆಲ್‌ಗಳನ್ನೇ ಮರಳಿ ಹಾಕಿ, ಮೈಕಿನ ಗುಂಡಿ ಒತ್ತಿ, "ತಾತಾ ಅನ್ನವ್ವಾ" ಎಂದೆ.

"ಕ್ಯೂಂ?"

"ಅನ್ನು. ಅಂದು ನಗು."

"ನಗು ಬರ್ತಾ ನಹೀ ಅಪ್ಪಾ."

"ನಗಂದ್ರ ನಗಬೇಕು!"

ಅವಳು ಅಳುವ ಮುಖದಲ್ಲಿ "ತಾತಾ" ಎಂದಳು. ಆ ಉಸಿರು ನಗುವಿನದಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಕೀಬೋರ್ಡನ್ನು ಅವರ ಮುಂದಿಟ್ಟೆ. ಕಣ್ಣಿನ ಹಸಿರು ಬಟ್ಟೆ ಸರಿಪಡಿಸಿಕೊಂಡು ತಡವಿ ಸ್ವಿಚ್ ಹಾಕಿದರು. ಬಲಗೈ ತನ್ನ ಮನೆಯನ್ನು ಹುಡುಕಿಕೊಂಡಿತು. ಎಡಗೈ ಎಂದಿನಂತೆ ಹಿಂದೆ ಆಡುತ್ತಿತ್ತು. ಒತ್ತಿದರು. "ತಾತಾ".

ಎಡಗೈ ನಿಂತಿತು.

"ಸೆಲ್ ಹೊಸದು ಹಾಕಿದ್ಯಾ?" ಎಂದು ಕೇಳಿದರು.

"ಹೂಂ ರೀ."

"ಯಾಕೆ ಸುಮ್ಮನೆ ಖರ್ಚು ಮಾಡಿದೆ" ಎಂದು ಸ್ವಿಚ್ ಆರಿಸಿದರು.

ಆಮೇಲೆ ಸಂಜೆಗಳು ಮೌನವಾದವು. ಹೆಂಡತಿ ದೀಪದ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ಕಾಯುವಳು. "ಮಾಸ್ತರಿಗೆ ಆರಾಮಿಲ್ಲೇನ್ರೀ?" ಎಂದು ಕೇಳುವಳು. ದೀಪಾವಳಿ ಕಳೆದ ಮೇಲೆ ಒಂದು ದಿನ, ಅದೇ ಹೊತ್ತಿಗೆ, ಗೋಡೆಯ ಆಚೆಯಿಂದ ಬಂತು. "ತಾತಾ". ಮಗಳು ಬರೆಯುತ್ತಿದ್ದುದನ್ನು ಬಿಟ್ಟು ಎದ್ದು ನಿಂತಳು. ಗೋಡೆಗೆ ಕಿವಿಯಿಟ್ಟಳು.

"ಅಪ್ಪಾ, ನಾನು ಆ ಕಡೆ ಭೀ ಹೂಂ ಕ್ಯಾ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಎಲ್ಲ ಹೇಳಿದೆ.

"ಜೀವಂತ ಕೂಸಿನ ದನಿ ಒಯ್ದು ಸತ್ತ ಕೂಸಿನ ಜಾಗಾದಾಗ ಕೂಡ್ಸಿ ಬಂದೀರೇನು?" ಅವಳ ಕೈಯಲ್ಲಿ ಕಡ್ಡಿ ಉರಿದು ಬೆರಳಿಗೆ ತಾಗಿತು. "ಹೋಗ್ರಿ. ಈಗಿಂದೀಗ ಹೋಗಿ ಹೇಳಿ ಬರ್ರಿ."

ಹೋದೆ. ಅವರ ಬಾಗಿಲ ಮುಂದೆ ನಿಂತು ಹಿಂದಿರುಗಿ ಬಂದೆ. ಹೇಳಿದೆ ಎಂದು ಅವಳಿಗೆ ಸುಳ್ಳು ಹೇಳಿದೆ.

ಡಿಸೆಂಬರಿನಲ್ಲಿ ಅವರ ಮಗಳು ಬರುವುದಿತ್ತು, ಮಗು ಹೋದ ಮೇಲೆ ಮೊದಲ ಸಲ. ಆ ದನಿಯನ್ನು ಕೇಳುವುದಕ್ಕೇ ಬರುತ್ತಿದ್ದಾಳೆ ಎಂದು ಬಿಲ್ಡಿಂಗಿಗೆಲ್ಲ ಗೊತ್ತು. ಅವಳು ಬರುವ ದಿನ ಬೆಳಿಗ್ಗೆ ಮಾಸ್ತರು ನನ್ನನ್ನು ಕರೆದರು. ಕೀಬೋರ್ಡು ಬೋರಲಾಗಿತ್ತು. ನಾನು ಹಾಕಿದ ಸೆಲ್‌ಗಳು ಪಕ್ಕದಲ್ಲಿ ಸಾಲಾಗಿ ಮಲಗಿದ್ದವು.

"ಮೊದಲ ದಿನವೇ ನಂಗೆ ಗೊತ್ತಾಯ್ತು. ಹೆತ್ತವಳಿಗೆ ಗೊತ್ತಾಗಲ್ವೇನಯ್ಯ?" ಎಂದರು. "ಅವಳಿಗೆ ಬೇರೆ ಮಗು ದನಿ ಕೇಳಿಸೋದು ಬೇಡ. ನಿನ್ನ ಮಗಳನ್ನ ಬಿಡಿಸಿದ್ದೀನಿ. ಮನೇಲಿ ಹೇಳು, ಆ ತಾಯಿ ಹೆದರಿರ್ತಾಳೆ."

ನಾನು ನೆಲಕ್ಕೆ ಕೂತುಬಿಟ್ಟೆ. "ಮಾಸ್ತರ್ರೀ, ನಾನಽ ಅವ್ರಿಗೆ ಹೇಳತೀನ್ರೀ. ನಂದಽ ತಪ್ಪು ಅಂತ."

"ನಿನಗೆ ಆದರೆ ಹೇಳು" ಎಂದರು. ಸಿಟ್ಟಿನಿಂದಲ್ಲ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಕೊಟ್ಟು ಕಳಿಸಿದಳು. ಹೊಸ್ತಿಲಲ್ಲಿ ನಾನು ನಿಂತಾಗ ಒಳಗೆ ಅವರ ಮಗಳು ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಮನೆ ಒತ್ತುತ್ತಿದ್ದಳು.

"ಸೆಲ್ ಬದಲಿಸೋವಾಗ ಎಲಿಮಿನೇಟರ್ ಹಾಕೋದು ಮರೆತೆ ಮಗಳೇ" ಎಂದರು ಮಾಸ್ತರು.

"ಒಂದೇ ಒಂದು ಕೆಲಸ ಹೇಳಿದ್ದೆನಲ್ಲಪ್ಪ ನಿಮಗೆ." ಅವಳ ದನಿ ಏರಲಿಲ್ಲ. "ಒಂದೇ ಒಂದು. ಅದನ್ನೂ ಉಳಿಸಿಕೊಳ್ಳೋಕೆ ಆಗಲಿಲ್ವಾ?"

ಮಾಸ್ತರು ತಲೆ ತಗ್ಗಿಸಿಕೊಂಡು, ಒಂದು ಸಲ ನನ್ನತ್ತ ನೋಡಿದರು. ಅದು ಕಾಯುವ ನೋಟ. ನಾನು ಬಾಯಿ ತೆರೆದೆ.

"ಊಟಾ ತಂದೀನ್ರೀ" ಎಂದೆ.

ಬಂದದ್ದು ಅಷ್ಟೇ. ಡಬ್ಬಿಯನ್ನು ಅಲ್ಲಿಟ್ಟು ಬಂದೆ. ಅವಳು ರಜೆ ಮುಗಿಯುವ ಮೊದಲೇ ಹೊರಟುಹೋದಳು. ಮತ್ತೆ ರಜೆಗೆ ಬರಲಿಲ್ಲ. ಕೆಳಗಿನ ಡಾಕ್ಟರರ ಮನೆಗೆ ಬರುತ್ತಿದ್ದ ಅವಳ ಫೋನು ತಿಂಗಳಿಗೊಮ್ಮೆ ಇದ್ದದ್ದು ಹಬ್ಬಕ್ಕೊಮ್ಮೆ ಎಂಬಂತಾಯಿತು. ಮಾಸ್ತರು ಅದಕ್ಕಾಗಿ ಮೆಟ್ಟಿಲ ಮೇಲೆ ಕೂತು ಕಾಯುವುದನ್ನು ನಾನು ಕೆಲಸದಿಂದ ಬರುವಾಗ ನೋಡುತ್ತಿದ್ದೆ. "ಬಾರಯ್ಯ, ಇವತ್ತು ಯಾವ ಲೋಕಲ್ ತಪ್ಪಿಸ್ಕೊಂಡೆ?" ಎಂದು ಎಂದಿನಂತೆ ಕೇಳುವರು. ಪೇಟಿ ಕಲಿಸುವುದನ್ನು ಬಿಡಲಿಲ್ಲ. ಕಲ್ಲುಸಕ್ಕರೆಯೂ ನಿಲ್ಲಲಿಲ್ಲ. ಒಂದು ದಿನ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ.

ಕೊನೆಗೆ ಅವರನ್ನು ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಮಾತು ನಿಂತಿತ್ತು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಬಲಗೈಗೆ ಸಲೈನಿನ ಸೂಜಿ ಚುಚ್ಚಿದ್ದರು. ಎಡಗೈ ಮಾತ್ರ ಹಾಸಿಗೆಯ ಅಂಚಿನಲ್ಲಿ ಹೋಗಿಬಂದು ಮಾಡುತ್ತಿತ್ತು. ಅದು ನಿಂತಾಗ ನರ್ಸನ್ನು ಕರೆದೆ.

ಮಗಳು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆ ಖಾಲಿ ಮಾಡುವ ದಿನ ಅವಳು ಕೀಬೋರ್ಡನ್ನು ತಂದು ನನ್ನ ಕೈಗಿಟ್ಟಳು. "ಇದು ನಿಮ್ಮ ಮಗಳಿಗಂತೆ. ಕೊನೇ ಸಲ ಫೋನಿನಲ್ಲಿ ಹೇಳಿದ್ರು." ಬಾಗಿಲು ಹಿಡಿದು ನಿಂತಳು. "ವಯಸ್ಸಾದವರ ಮರೆವಿಗೆ ನಾನು ಎಷ್ಟು ದೊಡ್ಡ ಶಿಕ್ಷೆ ಕೊಟ್ಟುಬಿಟ್ಟೆ ಅಲ್ವಾ?"

ಆಗಲೂ ನಾನು ಹೇಳಲಿಲ್ಲ. ಅವಳು ಈಗ ಎಲ್ಲಿದ್ದಾಳೋ ತಿಳಿಯದು. ಎಲ್ಲಾದರೂ ಇದನ್ನು ಓದಿದರೆ, ತಾಯಿ, ನಿಮ್ಮ ತಂದೆ ಏನನ್ನೂ ಮರೆತಿರಲಿಲ್ಲ. ಮರೆಸಿದವನು ನಾನು.

ಅಂದು ಕೀಬೋರ್ಡನ್ನು ಮನೆಗೆ ತಂದು ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅದರ ಅಡಿಯಿಂದ ಇರುವೆಗಳ ಸಾಲು ಹೊರಟಿತ್ತು. ಬೋರಲು ಮಾಡಿ, ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದೆ. ಸೆಲ್ ಇರಲಿಲ್ಲ. ಕಾಗದದ ಸಣ್ಣ ಪೊಟ್ಟಣದಲ್ಲಿ ಕಲ್ಲುಸಕ್ಕರೆ ಇತ್ತು.

ಹೆಂಡತಿ ಬಂದು ನೋಡಿದಳು. ಇರುವೆ ಊದಿ, ಒಂದು ಹರಳನ್ನು ಮಗಳ ಬಾಯಿಗಿಟ್ಟು, ಒಂದನ್ನು ನನ್ನ ಅಂಗೈಗಿಟ್ಟಳು. "ತಿನ್ರಿ" ಎಂದಳು.

ಬಾಯಿಗೆ ಒಯ್ಯಲಾಗಲಿಲ್ಲ. ಮುಷ್ಟಿ ಮುಚ್ಚಿ ಕೂತೆ. ಚೆಂಬೂರಿನ ಸೆಕೆಗೆ ಅದು ಬೆವರಿನಲ್ಲಿ ಕರಗಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು.